ಬೆಟ್ಟದ ಮಳೆ ಬಾವಿಗೆ ಬರುವ ದಾರಿ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಮನುಷ್ಯರ ವಿಷಯಕ್ಕೆ ಬಳಸುತ್ತೇವೆ. ನೀರಿನ ವಿಷಯಕ್ಕೂ ಅದು ಅಷ್ಟೇ ಒಪ್ಪುತ್ತದೆ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಕಡೆ ಹೊರಟವರಿಗೆ ದೇವನಹಳ್ಳಿ ದಾಟಿದ ಮೇಲೆ ಎಡಗಡೆಗೆ ಕಾಣಿಸುವ ನಂದಿಬೆಟ್ಟ ಬರೀ ಕಲ್ಲಿನ ಗುಡ್ಡೆಯಂತೆ ತೋರುತ್ತದೆ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ಈ ಬೆಟ್ಟದ ಮೇಲೆ ಹಿಮ ಬೀಳುವುದಿಲ್ಲ, ಸುತ್ತಲ ಸೀಮೆಗೆ ಮಲೆನಾಡಿನ ಮಳೆಯೂ ಇಲ್ಲ. ಆದರೂ ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ಎಂಬ ಆರು ನದಿಗಳು ಈ ಬೆಟ್ಟಸಾಲಿನಲ್ಲಿ ಮತ್ತು ಅದರ ಆಸುಪಾಸಿನಲ್ಲಿ ಹುಟ್ಟುತ್ತವೆ. ಒಂದು ಕಾವೇರಿಯನ್ನು ಸೇರಿದರೆ, ಇನ್ನೊಂದು ನೆಲ್ಲೂರಿನ ಬಳಿ ಕಡಲು ಕಾಣುತ್ತದೆ. ಮತ್ತೆರಡು ತಮಿಳುನಾಡನ್ನು ಹಾದು ಹೋಗುತ್ತವೆ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ನಮ್ಮ ಸರ್ಕಾರಗಳು ಅಂತರ್ಜಲದ ಜಮಾ ಖರ್ಚು ಬರೆಯುವಾಗ ಬೆಟ್ಟವನ್ನು ಲೆಕ್ಕದಿಂದಲೇ ಬಿಟ್ಟುಬಿಡುತ್ತವೆ! ಕೇಂದ್ರ ಸರ್ಕಾರದ ಅಂತರ್ಜಲ ಅಂದಾಜು ಸಮಿತಿ 1997ರಲ್ಲಿ ಕೊಟ್ಟ ವಿಧಾನದ ಪ್ರಕಾರ, ಶೇ 20ಕ್ಕಿಂತ ಹೆಚ್ಚು ಇಳಿಜಾರು ಇರುವ ಜಾಗ, ಎಂದರೆ ನೂರು ಅಡಿ ದೂರಕ್ಕೆ ಇಪ್ಪತ್ತು ಅಡಿಗಿಂತ ಹೆಚ್ಚು ಏರುವ ಜಾಗ, ನೀರು ಇಂಗುವ ವಿಸ್ತೀರ್ಣಕ್ಕೆ ಸೇರುವುದಿಲ್ಲ. ಅಲ್ಲಿ ನೀರು ಇಂಗುವುದಕ್ಕಿಂತ ಹರಿದು ಹೋಗುವುದೇ ಹೆಚ್ಚು ಎಂಬುದು ಕಾರಣ. 2015ರಲ್ಲಿ ವಿಧಾನವನ್ನು ಪರಿಷ್ಕರಿಸಿದಾಗಲೂ ಈ ನಿಯಮ ಉಳಿಯಿತು.

ಹಾಗಾದರೆ ಬೆಟ್ಟದ ಮೇಲೆ ಬಿದ್ದ ಮಳೆ ಊರಿನ ಬಾವಿಗೆ ಬರುವುದೇ ಇಲ್ಲವೇ? ಬರುತ್ತದೆ. ಆದರೆ ನೇರವಾಗಿ ಬರುವುದಿಲ್ಲ, ಬಳಸು ದಾರಿಯಲ್ಲಿ ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ನೂರಾರು ಹಳ್ಳಿಗಳ ಬದುಕು ನಿಂತಿದ್ದುದು ಆ ಬಳಸು ದಾರಿಯ ಮೇಲೆ. ಅದನ್ನು ತಿಳಿಯದೆ ಈ ಸೀಮೆಯ ನೀರಿನ ಬವಣೆಯನ್ನು ತಿಳಿಯುವುದು ಕಷ್ಟ.

ಕಲ್ಲಿನ ಸೂರು

ಮೊದಲು ಕಲ್ಲಿನ ಗುಣವನ್ನು ನೋಡೋಣ. ಈ ಭಾಗದ ಬೆಟ್ಟಗಳೆಲ್ಲ ಗ್ರಾನೈಟ್ ಮತ್ತು ನೈಸ್ ಜಾತಿಯ ಶಿಲೆಗಳು. ವಯಸ್ಸು ಸುಮಾರು 250ರಿಂದ 300 ಕೋಟಿ ವರ್ಷ. ಮರಳುಗಲ್ಲಿನಂತೆ ಇವುಗಳಲ್ಲಿ ಸಣ್ಣ ಸಣ್ಣ ರಂಧ್ರಗಳಿಲ್ಲ. ನೀರು ಒಳಗೆ ಹೋಗಬೇಕಾದರೆ ಬಿರುಕೇ ಗತಿ. ಇಡಿಯಾದ ಬಂಡೆಯ ಮೇಲೆ ಬಿದ್ದ ಮಳೆಯಲ್ಲಿ ನೂರಕ್ಕೆ ಒಂದು ಪಾಲು ಒಳಗಿಳಿದರೆ ಹೆಚ್ಚು ಎಂದು ಮೇಲೆ ಹೇಳಿದ ಸಮಿತಿಯೇ ಎಣಿಸಿದೆ. ಅದೇ ಕಲ್ಲು ಶಿಥಿಲವಾಗಿ ಗರಸಾಗಿ ಮಾರ್ಪಟ್ಟ ಬಯಲಿನಲ್ಲಿ, ಜೇಡಿ ಹೆಚ್ಚಿಲ್ಲದಿದ್ದರೆ, ಸುಮಾರು ಹನ್ನೊಂದು ಪಾಲು ಇಂಗುತ್ತದೆ.

ಆದ್ದರಿಂದ ಬೋಳು ಬೆಟ್ಟವನ್ನು ಮನೆಯ ಸೂರಿಗೆ ಹೋಲಿಸಬಹುದು. ಸೂರು ನೀರನ್ನು ಇಟ್ಟುಕೊಳ್ಳುವುದಿಲ್ಲ, ಕೆಳಕ್ಕೆ ಕೊಡುತ್ತದೆ. ಎಷ್ಟು ಕೊಡುತ್ತದೆ ಎಂಬುದನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ನೂರು ಎಕರೆಯ ಬಂಡೆಬೆಟ್ಟದ ಮೇಲೆ ಒಂದು ರಾತ್ರಿ 50 ಮಿಲಿಮೀಟರ್ ಮಳೆ ಸುರಿದರೆ ಎರಡು ಕೋಟಿ ಲೀಟರ್ ಆಯಿತು. ಅದರಲ್ಲಿ ಅರ್ಧದಷ್ಟೇ ಹರಿದು ಬಂದರೂ ಒಂದೇ ರಾತ್ರಿಗೆ ಒಂದು ಕೋಟಿ ಲೀಟರ್ ನೀರು ಬೆಟ್ಟದ ಬುಡಕ್ಕೆ ಬಂದು ನಿಲ್ಲುತ್ತದೆ. ವರ್ಷಕ್ಕೆ ಸರಾಸರಿ 700 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಸೀಮೆಯಲ್ಲಿ ಇದು ಸಣ್ಣ ಆಸ್ತಿಯಲ್ಲ. ಬೆಟ್ಟ ತನ್ನ ಪಾಲಿನ ಮಳೆಯನ್ನು ತಾನು ಉಣ್ಣದೆ ಬುಡದ ಹೊಲಗಳಿಗೆ ಬಡಿಸುತ್ತದೆ.

ತಪ್ಪಲಿನ ಗುಟ್ಟು

ಈ ನೀರು ನೆಲಕ್ಕೆ ಇಳಿಯುವ ಮುಖ್ಯ ಜಾಗ ತಪ್ಪಲು. ಬೆಟ್ಟದ ಕಡಿದಾದ ಮೈ ಮುಗಿದು ಬಯಲು ಶುರುವಾಗುವ ಆ ಪಟ್ಟಿಯನ್ನು ಗಮನಿಸಿ ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಅಲ್ಲಿ ಮೇಲಿನಿಂದ ಉರುಳಿ ಬಂದ ಗುಂಡುಗಳಿರುತ್ತವೆ. ಅವುಗಳ ಕೆಳಗೆ ಚಿಕ್ಕ ಕಲ್ಲುಗಳು, ಅದಕ್ಕೂ ಕೆಳಗೆ ದಪ್ಪ ಮರಳು, ದೂರ ಹೋದಂತೆ ಸಣ್ಣ ಮರಳು, ಕೊನೆಗೆ ಜೇಡಿ. ಒನಕೆಯಿಂದ ಕುಟ್ಟಿ ಮೊರದಲ್ಲಿ ಕೇರಿ ಬೇರ್ಪಡಿಸಿದಂತೆ ನೀರು ಕಲ್ಲು ಮಣ್ಣನ್ನು ಗಾತ್ರದ ಪ್ರಕಾರ ವಿಂಗಡಿಸಿ ಇಟ್ಟಿರುತ್ತದೆ. ರಭಸ ಇಳಿದಲ್ಲಿ ನೀರು ಮೊದಲು ಭಾರವಾದದ್ದನ್ನು ಕೆಳಗೆ ಹಾಕುತ್ತದೆ, ಹಗುರವಾದದ್ದನ್ನು ಮುಂದಕ್ಕೆ ಒಯ್ಯುತ್ತದೆ.

ಕಲ್ಲು ಮರಳುಗಳ ಈ ರಾಶಿ ದೊಡ್ಡ ಜರಡಿಯಂತೆ ಕೆಲಸ ಮಾಡುತ್ತದೆ. ಬಂಡೆಯ ಮೇಲೆ ನಿಲ್ಲದೆ ಜಾರಿದ ನೀರು ಇಲ್ಲಿ ನಿಧಾನವಾಗುತ್ತದೆ, ಸಂದುಗಳಲ್ಲಿ ಇಳಿಯುತ್ತದೆ, ಕೆಳಗಿನ ಶಿಥಿಲ ಶಿಲೆಯನ್ನು ಸೇರುತ್ತದೆ. ಒಣ ಸೀಮೆಗಳ ಅಂತರ್ಜಲವನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ಇದಕ್ಕೆ ಬೆಟ್ಟದಂಚಿನ ಮರುಪೂರಣ ಎಂಬರ್ಥದ ಹೆಸರನ್ನೇ ಕೊಟ್ಟಿದ್ದಾರೆ. ಬಯಲಿನಲ್ಲಿ ಬಿದ್ದ ಮಳೆಯ ಬಹುಪಾಲನ್ನು ಮಣ್ಣು, ಬೆಳೆ ಮತ್ತು ಬಿಸಿಲು ಹೀರಿಕೊಳ್ಳುತ್ತವೆ. ಬೆಟ್ಟದಿಂದ ಒಟ್ಟಾಗಿ ಇಳಿದು ಬಂದ ನೀರು ಒಂದೇ ಜಾಗದಲ್ಲಿ ಹೆಚ್ಚಾಗಿ ನಿಲ್ಲುವುದರಿಂದ, ಬಿಸಿಲಿಗೆ ಸಿಕ್ಕುವ ಮೊದಲೇ ಬೇರಿನ ಕೈಗೆ ಎಟುಕದಷ್ಟು ಆಳಕ್ಕೆ ಇಳಿಯಬಲ್ಲದು. ಚದುರಿ ಬಿದ್ದ ಹತ್ತು ಹನಿಗಿಂತ ಕೂಡಿ ನಿಂತ ಒಂದು ಗುಟುಕಿಗೆ ಆಳಕ್ಕೆ ಹೋಗುವ ಶಕ್ತಿ ಹೆಚ್ಚು.

ತಪ್ಪಲು ಒಮ್ಮೆ ಆಗಿ ಮುಗಿದು ಹೋದದ್ದಲ್ಲ, ಇಂದಿಗೂ ಆಗುತ್ತಿರುವಂಥದು. 2021ರ ಆಗಸ್ಟ್ ತಿಂಗಳಲ್ಲಿ ಸುರಿದ ಭಾರಿ ಮಳೆಗೆ ನಂದಿಬೆಟ್ಟದ ಮೈ ಕುಸಿದು, ಗುಂಡು ಮಣ್ಣುಗಳು ಜಾರಿ ಬಂದು ಮೇಲಿನ ರಸ್ತೆ ಕೊಚ್ಚಿಹೋಗಿತ್ತು. ಪ್ರವಾಸಿಗರಿಗೆ ಅದು ಅಪಘಾತ. ಬೆಟ್ಟದ ಪಾಲಿಗೆ ತನ್ನ ಬುಡಕ್ಕೆ ಇನ್ನೊಂದು ಪದರ ಹಾಕುವ ಹಳೆಯ ಕೆಲಸ.

ತೀರ್ಥ ಮತ್ತು ತಲಪರಿಗೆ

ಇಲ್ಲಿ ಓದುಗರು ಒಂದು ಪ್ರಶ್ನೆ ಕೇಳಬಹುದು. ಬೆಟ್ಟ ನೀರನ್ನು ಇಟ್ಟುಕೊಳ್ಳುವುದಿಲ್ಲ ಎಂದಾದರೆ ಬೆಟ್ಟದ ಮೇಲಿನ ತೀರ್ಥಗಳು ಎಲ್ಲಿಂದ ಬಂದವು? ಕೋಲಾರದ ಪಶ್ಚಿಮಕ್ಕಿರುವ ಶತಶೃಂಗ ಬೆಟ್ಟದಲ್ಲಿ ಕಲ್ಲು ಬಸವನ ಬಾಯಿಂದ ಅಂತರಗಂಗೆ ಸುರಿಯುತ್ತದೆ. ದೇವರಾಯನದುರ್ಗದ ಬುಡದಲ್ಲಿ ನಾಮದ ಚಿಲುಮೆಯಿದೆ. ಶ್ರೀರಾಮ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟಾಗ ಚಿಮ್ಮಿತೆಂಬುದು ಅದರ ಐತಿಹ್ಯ. ಶಿವಗಂಗೆಯಲ್ಲಿ ಒಳಕಲ್ಲು ತೀರ್ಥವಿದೆ. ಕಲ್ಲಿನ ಗುಳಿಯೊಳಗೆ ಕೈ ಇಳಿಬಿಟ್ಟು ನೀರು ಸಿಕ್ಕಿದರೆ ಪುಣ್ಯವಂತರೆಂದು ಭಕ್ತರು ನಂಬುತ್ತಾರೆ.

ಇವೆಲ್ಲ ಬಿರುಕಿನ ಕಾಣಿಕೆ. ಬಂಡೆಗಳ ನಡುವಿನ ಸೀಳುಗಳಲ್ಲಿ, ನೆತ್ತಿಯ ಮೇಲಿನ ತಗ್ಗುಗಳ ಮಣ್ಣಿನಲ್ಲಿ ಇಳಿದ ನೀರು ತಿಂಗಳುಗಟ್ಟಲೆ ನಿಧಾನವಾಗಿ ಕೆಳಗೆ ಜಾರಿ, ಸೀಳು ಹೊರಗೆ ತೆರೆದುಕೊಂಡ ಕಡೆ ಒಸರುತ್ತದೆ. ಪ್ರಮಾಣ ದೊಡ್ಡದಲ್ಲ. ಆದರೆ ಮಳೆ ನಿಂತು ಎಷ್ಟೋ ಕಾಲದ ಮೇಲೂ ಹರಿಯುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಬೇಸಿಗೆಯಲ್ಲೂ ನೀರು ಕೊಡುವ ಬಂಡೆಯನ್ನು ಕಂಡು ಹಿಂದಿನವರು ಕಾಶಿಯ ಗಂಗೆಯೇ ಒಳದಾರಿಯಲ್ಲಿ ಬಂದಳೆಂದು ಕೈಮುಗಿದರು. ಒಳದಾರಿ ಎಂಬ ಮಾತಂತೂ ಸುಳ್ಳಲ್ಲ. ದಾರಿಯ ಉದ್ದ ಮಾತ್ರ ಕಾಶಿಯವರೆಗೆ ಇಲ್ಲ, ಅದೇ ಬೆಟ್ಟದ ನೆತ್ತಿಯವರೆಗೆ ಅಷ್ಟೆ.

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯ ಜೊತೆ ಉತ್ತರಕ್ಕೆ ಹೋದರೆ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳು ಸಿಕ್ಕುತ್ತವೆ. ಅದರಾಚೆ ಪಾವಗಡ. ಇಲ್ಲಿನ ಹಳ್ಳಿಗರು ತೀರ್ಥಕ್ಕಿಂತ ದೊಡ್ಡ ಉಪಕಾರವೊಂದನ್ನು ಬೆಟ್ಟದಿಂದ ಪಡೆದಿದ್ದರು. ಅದರ ಹೆಸರು ತಲಪರಿಗೆ. ಕೆರೆಯ ಅಂಗಳದಲ್ಲಿ, ಹಳ್ಳದ ಮಗ್ಗುಲಲ್ಲಿ, ಮರಳು ನೆಲದಲ್ಲಿ ಅಂತರ್ಜಲ ತಾನಾಗಿಯೇ ಮೇಲಕ್ಕೆ ಒಸರುವ ಜಾಗವನ್ನು ಗುರುತಿಸಿ, ಅಲ್ಲಿ ಆಳವಿಲ್ಲದ ಗುಂಡಿ ತೋಡಿ, ಅದರಿಂದ ಕಾಲುವೆ ತೆಗೆದು ಹೊಲಕ್ಕೆ ನೀರು ಹಾಯಿಸುತ್ತಿದ್ದರು. ಎತ್ತೂ ಬೇಡ, ಕಪಿಲೆಯೂ ಬೇಡ, ಕರೆಂಟೂ ಬೇಡ. ಕೆರೆ ಬತ್ತಿದ ಮೇಲೂ ತಲಪರಿಗೆ ಹರಿಯುತ್ತಿತ್ತು. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಅದರ ಹೂಳು ತೆಗೆಯುವ ಕಟ್ಟಳೆಯಿತ್ತು. ಇದು ಹರಿಯಬೇಕಾದರೆ ಒಂದೇ ಷರತ್ತು: ಸುತ್ತಲಿನ ನೆಲದೊಳಗಿನ ನೀರಿನ ಮಟ್ಟ ತಲಪರಿಗೆಯ ಬಾಯಿಗಿಂತ ಮೇಲಿರಬೇಕು. ಬೆಟ್ಟದ ನೀರು ತಪ್ಪಲಿನಲ್ಲಿ ಇಂಗುತ್ತಿದ್ದಷ್ಟು ಕಾಲ ಆ ಮಟ್ಟ ಇತ್ತು.

ಕೆರೆ ಕಟ್ಟಿದವರ ಲೆಕ್ಕ

ತಪ್ಪಲಿನ ಜರಡಿ ಎಷ್ಟೇ ಒಳ್ಳೆಯದಾದರೂ ಒಂದು ಕೋಟಿ ಲೀಟರನ್ನು ಒಂದು ರಾತ್ರಿಯಲ್ಲಿ ಕುಡಿಯಲಾರದು. ಮಿಕ್ಕ ನೀರು ಹಳ್ಳ ಹಿಡಿದು ಓಡುತ್ತದೆ. ಈ ಓಟವನ್ನು ತಡೆದು ನಿಲ್ಲಿಸುವ ಉಪಾಯವೇ ಕೆರೆ. ಅವಿಭಜಿತ ಕೋಲಾರ ಜಿಲ್ಲೆಯೊಂದರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಬೆಟ್ಟದ ಬುಡದಲ್ಲಿ ಕುಂಟೆ, ಅದರ ಕೆಳಗೆ ಸಣ್ಣ ಕೆರೆ, ಅದರ ಕೋಡಿಯ ನೀರು ರಾಜಕಾಲುವೆಯಲ್ಲಿ ಹರಿದು ಸೇರುವುದಕ್ಕೆ ದೊಡ್ಡ ಕೆರೆ, ಹೀಗೆ ಮಾಲೆಯಂತೆ ಒಂದರ ಕೆಳಗೊಂದು. 1866ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ ಇದನ್ನು ನೋಡಿ ಬೆರಗಾದರು. ಈ ನಾಡಿನಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಕಷ್ಟ, ಅಷ್ಟರಮಟ್ಟಿಗೆ ಮಳೆನೀರನ್ನು ಹಿಡಿದಿಡಲಾಗಿದೆ ಎಂಬ ಅಭಿಪ್ರಾಯವನ್ನು ಅವರು ಬರೆದಿಟ್ಟರು. ಬೆಂಗಳೂರಿನ ಸ್ಯಾಂಕಿ ಕೆರೆ ಅವರ ಹೆಸರಿನದೇ.

ಕೆರೆಯೆಂದರೆ ಅಚ್ಚುಕಟ್ಟಿಗೆ ತೂಬಿನಿಂದ ನೀರು ಬಿಡುವ ವ್ಯವಸ್ಥೆ ಎಂದು ನಾವು ತಿಳಿದಿದ್ದೇವೆ. ಅದು ಅರ್ಧ ಸತ್ಯ. ತೂಬು ಮುಚ್ಚಿದ್ದಾಗಲೂ ಕೆರೆ ಕೆಲಸ ಮಾಡುತ್ತಲೇ ಇರುತ್ತದೆ. ಕೆರೆಯಲ್ಲಿ ನೀರು ನಿಂತಿರುವ ದಿನಗಳಲ್ಲಿ ದಿನಕ್ಕೆ ಸರಾಸರಿ 1.4 ಮಿಲಿಮೀಟರ್ ನೀರು ತಳದಿಂದ ಇಂಗುತ್ತದೆ ಎಂದು ಅಂತರ್ಜಲ ಅಂದಾಜು ಸಮಿತಿ ಎಣಿಸಿತ್ತು. ಕೇಳಲು ಇದು ತೀರ ಅಲ್ಪ. ಗುಣಿಸಿ ನೋಡಿ. ನೂರು ಎಕರೆ ನೀರು ಹರಡಿದ ಕೆರೆಯಿಂದ ದಿನಕ್ಕೆ ಐದೂವರೆ ಲಕ್ಷ ಲೀಟರಿಗೂ ಹೆಚ್ಚು ನೀರು ನೆಲ ಸೇರುತ್ತದೆ. ನಾಲ್ಕು ತಿಂಗಳು ನೀರು ನಿಂತರೆ ಸುಮಾರು ಆರು ಮುಕ್ಕಾಲು ಕೋಟಿ ಲೀಟರ್.

ಇದನ್ನೇ ಇನ್ನೊಂದು ಬಗೆಯಲ್ಲಿ ನೋಡಬಹುದು. 700 ಮಿಲಿಮೀಟರ್ ಮಳೆಯಲ್ಲಿ ಶೇ 11ರಂತೆ ಬಯಲು ನೆಲ ವರ್ಷಕ್ಕೆ ಇಂಗಿಸುವುದು 77 ಮಿಲಿಮೀಟರ್. ಅದೇ ಒಂದು ಎಕರೆ ಕೆರೆ ನಾಲ್ಕು ತಿಂಗಳಲ್ಲಿ ಇಂಗಿಸುವುದು 168 ಮಿಲಿಮೀಟರ್. ಬೋಳು ಬಂಡೆಯಾದರೆ ವರ್ಷಕ್ಕೆ 7 ಮಿಲಿಮೀಟರ್. ಈ ಮೂರು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಹಿಂದಿನವರ ಜಾಣತನ ತಾನಾಗಿ ಗೊತ್ತಾಗುತ್ತದೆ. ಹೆಚ್ಚು ನೀರು ಬೀಳಿಸಿ ಏನನ್ನೂ ಇಂಗಿಸದ ಬಂಡೆಯಿಂದ ನೀರನ್ನು ತಂದು, ಹೆಚ್ಚು ಇಂಗಿಸಬಲ್ಲ ಜಾಗದಲ್ಲಿ ಅವರು ನಿಲ್ಲಿಸಿದರು. ಸರ್ಕಾರಿ ಲೆಕ್ಕದ ವಿಸ್ತೀರ್ಣದಿಂದ ಬೆಟ್ಟ ಬಿಟ್ಟುಹೋದರೂ ಅದರ ನೀರು ಕೆರೆಯ ಖಾತೆಯಲ್ಲಿ ಜಮೆಯಾಗುತ್ತಿತ್ತು.

ಕೆರೆ ಏರಿಯ ಕೆಳಗಿನ ಬಾವಿಗಳಲ್ಲಿ ನೀರು ಆರುತ್ತಿರಲಿಲ್ಲ ಎಂಬುದನ್ನು ಅರುವತ್ತು ದಾಟಿದ ಯಾವ ರೈತರನ್ನು ಕೇಳಿದರೂ ಹೇಳುತ್ತಾರೆ. ಈ ಸೀಮೆಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ದೊಡ್ಡ ಮಳೆಗಾಲ. ಕೆರೆಗಳು ತುಂಬುವುದೂ ಆಗಲೇ. ಬಾವಿಗಳು ಮೈದುಂಬಿಕೊಳ್ಳುವುದು ಅದಾದ ಮೇಲೆ. ಬೆಟ್ಟದ ಮಳೆ ಕೆರೆಯಾಗಿ, ಕೆರೆ ಬಾವಿಯಾಗಿ, ಬಾವಿ ರಾಗಿ ಹಿಪ್ಪುನೇರಳೆಯಾಗಿ ಮಾರ್ಪಡಲು ಕೆಲವು ತಿಂಗಳು ಬೇಕಿತ್ತು. ಆ ತಡವೇ ಬೇಸಿಗೆಯನ್ನು ದಾಟಿಸುತ್ತಿತ್ತು.

ಆಳಕ್ಕೆ ಹೋದಷ್ಟೂ ಬಡತನ

ಈಗ ನೆಲದೊಳಗಿನ ಉಗ್ರಾಣದ ವಿಷಯ. ಗ್ರಾನೈಟ್ ಸೀಮೆಯಲ್ಲಿ ನೀರು ಹೆಚ್ಚಾಗಿ ಇರುವುದು ಮೇಲಿನ ಶಿಥಿಲ ಪದರದಲ್ಲಿ. ಅದರ ದಪ್ಪ ಸಾಮಾನ್ಯವಾಗಿ ಕೆಲವೇ ಹತ್ತಡಿಗಳು. ನೂರು ಅಡಿ ಇದ್ದರೆ ಬಹಳವಾಯಿತು. ಜೇಡಿ ಕಡಮೆ ಇರುವ ಈ ಪದರದ ಒಂದು ಘನ ಮೀಟರಿನಿಂದ ಸುಮಾರು 30 ಲೀಟರ್ ನೀರು ಬಸಿಯುತ್ತದೆ. ಅದರ ಕೆಳಗಿನ ಇಡಿ ಬಂಡೆಯಲ್ಲಿ ಅದೇ ಒಂದು ಘನ ಮೀಟರಿಗೆ ಸಿಕ್ಕುವುದು ಸುಮಾರು 3 ಲೀಟರ್. ಹತ್ತು ಪಟ್ಟು ವ್ಯತ್ಯಾಸ! ಮೇಲಿನ ಪದರ ಕಣಜವಾದರೆ ಕೆಳಗಿನ ಬಂಡೆ ಗೋಡೆಯ ಸಂದಿನಲ್ಲಿ ಬಿದ್ದ ಕಾಳು.

ಸೇದುವ ಬಾವಿಯ ಕಾಲದಲ್ಲಿ, ಏತ ಕಪಿಲೆಗಳ ಕಾಲದಲ್ಲಿ ಜನ ಕಣಜದಿಂದ ಉಣ್ಣುತ್ತಿದ್ದರು. ಎತ್ತಿನ ಶಕ್ತಿಯೇ ಖರ್ಚಿಗೆ ಮಿತಿ ಹಾಕುತ್ತಿತ್ತು. ಹಳ್ಳಿಗಳಿಗೆ ವಿದ್ಯುತ್ ಬಂದು ಪಂಪುಸೆಟ್ಟು ಕೂತ ಮೇಲೆ ಆ ಮಿತಿ ಹೋಯಿತು. ಕೊಳವೆ ಬಾವಿ ಕೊರೆಯುವ ಲಾರಿಗಳು ಬಂದ ಮೇಲೆ ಆಳದ ಮಿತಿಯೂ ಹೋಯಿತು. ನೂರು ಅಡಿಗೆ ಸಿಕ್ಕುತ್ತಿದ್ದ ನೀರು ಮುನ್ನೂರಕ್ಕೆ, ಆರುನೂರಕ್ಕೆ ಇಳಿಯಿತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸಾವಿರ ಅಡಿ ದಾಟಿ ಕೊರೆಸುವುದು ಇಂದು ಯಾರಿಗೂ ಆಶ್ಚರ್ಯದ ಸುದ್ದಿಯಲ್ಲ. ವರ್ಷದಲ್ಲಿ ಇಂಗುವುದಕ್ಕಿಂತ ಹೆಚ್ಚು ನೀರನ್ನು ಎತ್ತುವ ಜಿಲ್ಲೆಗಳ ಸಾಲಿನಲ್ಲಿ ಇವೆರಡೂ ಬಹುಕಾಲದಿಂದ ಇವೆ.

ಆಳದ ನೀರಿಗೆ ಇನ್ನೊಂದು ದೋಷವುಂಟು. ಗ್ರಾನೈಟಿನ ಸಂದುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲಿಗೂ ಮೂಳೆಗೂ ಕೇಡು. ಕೋಲಾರ, ಪಾವಗಡ ಕಡೆಯ ಎಷ್ಟೋ ಹಳ್ಳಿಗಳ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳಿಗೆ ಇದೇ ಕಾರಣ. ಪ್ರತಿ ವರ್ಷ ಬೆಟ್ಟದಿಂದ ಇಳಿದು ಬರುವ ಹೊಸ ನೀರು ಮೇಲಿನ ಪದರವನ್ನು ತುಂಬಿಸುತ್ತಿದ್ದಾಗ ಈ ದೋಷ ತೆಳುವಾಗುತ್ತಿತ್ತು.

ಮಳೆ ಅಷ್ಟೇ, ಹೊಳೆ ಇಲ್ಲ

ಬೆಟ್ಟ, ನೆಲದೊಳಗಿನ ನೀರು ಮತ್ತು ಹೊಳೆ ಇವು ಮೂರಕ್ಕೂ ಇರುವ ನಂಟನ್ನು ಅರ್ಕಾವತಿಯ ಕತೆ ಚೆನ್ನಾಗಿ ತೋರಿಸುತ್ತದೆ. ನಂದಿಬೆಟ್ಟದಲ್ಲಿ ಹುಟ್ಟುವ ಈ ನದಿಯ ಮೇಲೆ ನಂಬಿಕೆಯಿಟ್ಟು 1890ರ ದಶಕದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ತಂದರು. ಸಾಲದಾದಾಗ, ಶಿವಗಂಗೆ ಬೆಟ್ಟದಿಂದ ಬರುವ ಕುಮುದ್ವತಿ ಅರ್ಕಾವತಿಯನ್ನು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಇನ್ನೊಂದು ಜಲಾಶಯವಾಯಿತು. ಒಂದು ಕಾಲಕ್ಕೆ ಬೆಂಗಳೂರಿನವರು ಕುಡಿಯುತ್ತಿದ್ದುದು ಈ ಎರಡು ಬೆಟ್ಟಗಳ ನೀರನ್ನು. ಕಾಲಕ್ರಮದಲ್ಲಿ ಹೆಸರಘಟ್ಟ ಬರಿದಾಯಿತು, ತಿಪ್ಪಗೊಂಡನಹಳ್ಳಿಗೆ ಬರುವ ನೀರು ಕುಗ್ಗಿತು, ನಗರ ಕಾವೇರಿಯತ್ತ ಮುಖ ಮಾಡಿತು.

ಮಳೆ ಕಡಮೆಯಾಯಿತು ಎಂಬುದು ಎಲ್ಲರ ಬಾಯಲ್ಲಿದ್ದ ವಿವರಣೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಸೇರಿದ ತಂಡವೊಂದು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಒಪ್ಪಲಿಲ್ಲ. ನದಿ ಬತ್ತಿದ್ದನ್ನು ವಿವರಿಸುವಷ್ಟು ಮಳೆ ಕಡಮೆಯಾಗಿಲ್ಲ. ಕೊಳವೆ ಬಾವಿಗಳಿಂದ ಅಂತರ್ಜಲ ಪಾತಾಳಕ್ಕೆ ಇಳಿದದ್ದು ಮತ್ತು ನೀಲಗಿರಿ ತೋಪುಗಳು ಹಬ್ಬಿದ್ದು ಮುಖ್ಯ ಕಾರಣಗಳಿರಬೇಕು ಎಂದು ಅದು ಹೇಳಿತು. ಇದರ ತರ್ಕ ಸರಳ. ಮಳೆ ನಿಂತ ಮೇಲೂ ಹಳ್ಳ ಹರಿಯುವುದು ಸುತ್ತಲಿನ ನೆಲದಿಂದ ಒಸರುವ ನೀರಿನಿಂದ. ನೆಲದೊಳಗಿನ ಮಟ್ಟ ಹಳ್ಳದ ತಳಕ್ಕಿಂತ ಕೆಳಗಿಳಿದರೆ ಒಸರು ನಿಲ್ಲುವುದಷ್ಟೇ ಅಲ್ಲ, ಮೇಲಿನಿಂದ ಬಂದ ನೀರನ್ನೂ ಒಣಗಿದ ನೆಲ ನುಂಗಿಬಿಡುತ್ತದೆ. ಮೊದಲು ನೆಲ ಹಳ್ಳಕ್ಕೆ ಕೊಡುತ್ತಿತ್ತು. ಈಗ ಹಳ್ಳದಿಂದ ಕಸಿಯುತ್ತಿದೆ. ಮಧುಗಿರಿಯ ತಲಪರಿಗೆ ನಿಂತದ್ದಕ್ಕೂ ಅರ್ಕಾವತಿ ಬತ್ತಿದ್ದಕ್ಕೂ ಕಾರಣ ಒಂದೇ.

ನೀಲಗಿರಿಯ ಪಾತ್ರದ ಬಗ್ಗೆ ಇದಕ್ಕೂ ಮೊದಲೇ ಪುರಾವೆ ಸಿಕ್ಕಿತ್ತು. 1990ರ ದಶಕದಲ್ಲಿ ಪ್ರಕಟವಾದ ಹೊಸಕೋಟೆ ಬಳಿಯ ಅಳತೆಗಳಲ್ಲಿ, ಆಳವಾದ ಮಣ್ಣಿನಲ್ಲಿ ಬೆಳೆದ ನೀಲಗಿರಿ ತೋಪು ಆ ಜಾಗದಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಬಳಸಿದ್ದು ಕಂಡುಬಂದಿತ್ತು. ಹೆಚ್ಚಿನ ನೀರು ಬಂದದ್ದು ಬೇರುಗಳು ಇಳಿದ ಆಳದ ಮಣ್ಣಿನ ಉಳಿತಾಯದಿಂದ. ತಪ್ಪಲಿನ ಗರಸು ನೆಲದಲ್ಲೇ ಇಂಥ ತೋಪು ಎದ್ದರೆ ಬಾವಿಗೆ ಹೋಗಬೇಕಾದ ನೀರಿಗೆ ದಾರಿಯಲ್ಲೇ ಸುಂಕ ಕಟ್ಟಿದಂತೆ.

ದಾರಿ ತಪ್ಪಿದ ನೀರು

ಬೆಟ್ಟದಿಂದ ಬಾವಿಗೆ ಇರುವ ದಾರಿ ಇನ್ನೂ ಹಲವು ಕಡೆ ಕಡಿದುಹೋಗಿದೆ. ಕಲ್ಲು ಗಣಿಗಾರಿಕೆಯಲ್ಲಿ ಸೂರೇ ಮಾಯವಾಗುತ್ತದೆ. ಕ್ರಷರಿನ ಸಣ್ಣ ಧೂಳು ತಪ್ಪಲಿನ ಜರಡಿಯ ಕಣ್ಣುಗಳನ್ನು ಮುಚ್ಚುತ್ತದೆ. ಬೆಟ್ಟದ ಸುತ್ತ ಬಡಾವಣೆ, ರೆಸಾರ್ಟು ಎದ್ದಾಗ ಮೊದಲು ಸಮತಟ್ಟಾಗುವುದು ಗುಂಡು ಮರಳಿನ ಆ ಪಟ್ಟಿಯೇ. ಬೆಟ್ಟ ಅಲ್ಲಿಯೇ ಇರುತ್ತದೆ, ನೋಡಲು ಚೆನ್ನಾಗಿಯೇ ಇರುತ್ತದೆ. ಅದರ ಬುಡದಲ್ಲಿ ಮಾತ್ರ ಇಂಗಲು ಜಾಗವಿಲ್ಲ.

ಜಯಮಂಗಲಿ, ಪಾಲಾರ್, ಪಿನಾಕಿನಿಗಳ ಒಡಲಿನ ಮರಳನ್ನು ಕಟ್ಟಡಗಳಿಗೆ ಸಾಗಿಸಿದ್ದೂ ಇದೇ ಸಾಲಿಗೆ ಸೇರುತ್ತದೆ. ಬೆಟ್ಟ ಲಕ್ಷಾಂತರ ವರ್ಷ ಸವೆದು ಆದ ಮರಳು ಅದು. ಅದರಲ್ಲಿ ಅಡಗಿದ ನೀರಿಗೆ ಬಿಸಿಲು ತಾಕದು. ಮರಳು ಹೋದ ಹಳ್ಳದಲ್ಲಿ ಮಳೆಯ ನೀರು ಗಂಟೆಗಳಲ್ಲಿ ಬಂದು ಗಂಟೆಗಳಲ್ಲಿ ಹೋಗುತ್ತದೆ.

ರಾಜಕಾಲುವೆಗಳ ಪಾಡಂತೂ ಎಲ್ಲರಿಗೂ ಗೊತ್ತಿರುವುದೇ. ಕೆರೆಗೆ ಕಾವಲಿಗೆ ನೀರಗಂಟಿ ಇದ್ದ. ಕಾಲುವೆಯ ಹೂಳು ತೆಗೆಯುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುವುದು, ಕೋಡಿಯನ್ನು ನೋಡಿಕೊಳ್ಳುವುದು ಅವನ ಕೆಲಸ. ಕೊಳವೆ ಬಾವಿ ಬಂದ ಮೇಲೆ ರೈತನಿಗೆ ಕೆರೆ ಬೇಡವಾಯಿತು, ಕೆರೆ ಬೇಡವಾದ ಮೇಲೆ ನೀರಗಂಟಿ ಬೇಡವಾದ, ನೀರಗಂಟಿ ಹೋದ ಮೇಲೆ ಕಾಲುವೆ ಅಕ್ಕಪಕ್ಕದ ಹೊಲಗಳಲ್ಲಿ ಕರಗಿತು. ತನ್ನ ಕೊಳವೆ ಬಾವಿಗೆ ನೀರು ಕೊಡುತ್ತಿದ್ದುದು ಆ ಕೆರೆಯೇ ಎಂಬ ಸಂಗತಿ ಬಾವಿ ಬತ್ತಿದ ಮೇಲೆ ಅರಿವಿಗೆ ಬಂತು.

ನೀರು ಮರಳಿದರೆ

ದಾರಿ ಪೂರ್ತಿ ಮುಚ್ಚಿಹೋಗಿದೆಯೇ ಎಂದು ನಿರಾಶರಾಗಬೇಕಿಲ್ಲ. ಇತ್ತೀಚಿನ ಎರಡು ಸಂದರ್ಭಗಳು ಬೇರೆಯದನ್ನು ಹೇಳುತ್ತವೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಆ ನೀರಿನ ಶುದ್ಧತೆಯ ಬಗ್ಗೆ ಎದ್ದ ಪ್ರಶ್ನೆಗಳು ನ್ಯಾಯವಾದವು, ಅವುಗಳಿಗೆ ಉತ್ತರ ಬೇಕು. ಆದರೆ ಕೆರೆ ತುಂಬಿದ ಕಡೆಗಳಲ್ಲಿ ಸುತ್ತಲಿನ ಬಾವಿಗಳ ನೀರು ಮೇಲೆ ಬಂದದ್ದು ನಿಜ. 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರಗಳ ಮೇಲೆ ಅಪರೂಪದ ಮಳೆ ಸುರಿದಾಗ, ವರ್ಷಗಟ್ಟಲೆ ಕೋಡಿ ಕಾಣದ ಕೆರೆಗಳು ಕೋಡಿ ಬಿದ್ದವು; ಜನ ಬಾಗಿನ ಅರ್ಪಿಸಿದರು. ಕೆರೆಗೂ ಬಾವಿಗೂ ಇರುವ ಒಳನಂಟು ಇನ್ನೂ ಸತ್ತಿಲ್ಲ ಎಂಬುದಕ್ಕೆ ಇವು ಸಾಕ್ಷಿ. ಕೊರತೆಯಿರುವುದು ಸಾಧಾರಣ ಮಳೆಯ ವರ್ಷಗಳಲ್ಲಿ ಬೆಟ್ಟದಿಂದ ಕೆರೆಗೆ ನೀರು ತಲುಪುವುದರಲ್ಲಿ.

ಆದ್ದರಿಂದ ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದೂ ಸ್ಪಷ್ಟ. ಕೆರೆಯ ಹೂಳೆತ್ತುವುದು ಫೋಟೋಕ್ಕೆ ಚೆನ್ನಾಗಿ ಕಾಣುವ ಕೆಲಸ. ಹೂಳು ತಳದ ಕಣ್ಣುಗಳನ್ನು ಮುಚ್ಚುವುದರಿಂದ ಅದು ಬೇಕಾದದ್ದೂ ಹೌದು. ಆದರೆ ಕಾಲುವೆ ಕಡಿದುಹೋದ ಕೆರೆಯ ಹೂಳೆತ್ತಿದರೆ ಬಾಗಿಲು ಮುಚ್ಚಿದ ಮನೆಯೊಳಗೆ ಎಲೆ ಹಾಕಿ ಅತಿಥಿಗಳಿಗೆ ಕಾದಂತೆ. ಮೊದಲು ಬೆಟ್ಟದ ಬುಡದ ಕುಂಟೆ, ಗೋಕಟ್ಟೆಗಳು, ಅಲ್ಲಿಂದ ಹೊರಡುವ ಹಳ್ಳ, ಅದರ ರಾಜಕಾಲುವೆ, ಅದಾದ ಮೇಲೆ ಕೆರೆ: ನೀರು ನಡೆಯುವ ಕ್ರಮದಲ್ಲೇ ನಾವೂ ನಡೆಯಬೇಕು. ಮಣ್ಣಿರುವ ಇಳಿಜಾರಿನಲ್ಲಿ ಅಡ್ಡಲಾಗಿ ಇಂಗು ಗುಂಡಿ, ಬದುಗಳನ್ನು ತೆಗೆಯಬಹುದು. ಬೋಳು ಬಂಡೆಯ ಮೇಲೆ ಗುಂಡಿ ತೋಡುವ ಮಾತೇ ಇಲ್ಲ, ಅಲ್ಲಿ ತಪ್ಪಲನ್ನು ಉಳಿಸಿಕೊಂಡರೆ ಸಾಕು. ಹಾಗೆಂದು ಹಳ್ಳಕ್ಕೆ ಹೆಜ್ಜೆಗೊಂದು ತಡೆ ಅಣೆ ಕಟ್ಟುತ್ತಾ ಹೋದರೆ ಮೇಲಿನ ಊರಿನ ಬಾವಿ ತುಂಬಿ ಕೆಳಗಿನ ಊರಿನ ಕೆರೆ ಒಣಗುತ್ತದೆ. ಕೋಡಿ ಎಷ್ಟು ಎತ್ತರ ಇರಬೇಕೆಂದು ಹಿಂದಿನವರು ಅಷ್ಟೊಂದು ಜಗಳವಾಡುತ್ತಿದ್ದುದು ಸುಮ್ಮನೆ ಅಲ್ಲ. ಒಂದು ಕೆರೆಯ ಕೋಡಿಯೇ ಮುಂದಿನ ಕೆರೆಯ ಪಾಲು.

ಇದೆಲ್ಲಕ್ಕಿಂತ ಕಠಿಣವಾದದ್ದು ಖರ್ಚಿನ ಮಾತು. ಮೇಲೆ ಹೇಳಿದ ಲೆಕ್ಕದಂತೆ, ಬಯಲಿನಲ್ಲಿ ವರ್ಷಕ್ಕೆ ಇಂಗುವ 77 ಮಿಲಿಮೀಟರ್ ನೀರು ಶಿಥಿಲ ಪದರದಲ್ಲಿ ಮಟ್ಟವನ್ನು ಏರಿಸುವುದು ಎರಡೂವರೆ ಮೀಟರ್, ಎಂದರೆ ಸುಮಾರು ಎಂಟು ಅಡಿ. ಕೆರೆ ಕುಂಟೆಗಳು ಕೆಲಸ ಮಾಡಿದರೆ ಅದಕ್ಕೆ ಇನ್ನಷ್ಟು ಸೇರುತ್ತದೆ. ವರ್ಷಕ್ಕೆ ಇದಕ್ಕಿಂತ ಹೆಚ್ಚು ಇಳಿಸುವಷ್ಟು ನೀರೆತ್ತುವ ಊರನ್ನು ಯಾವ ಬೆಟ್ಟವೂ ಕಾಪಾಡಲಾರದು. ಕೊಳವೆ ಬಾವಿಗಳ ಮೇಲೆ ಹತೋಟಿ ಇಡಲು ರಾಜ್ಯದಲ್ಲಿ 2011ರ ಅಂತರ್ಜಲ ಕಾಯಿದೆಯಿದೆ. ಆದರೆ ನೆಲದೊಳಗಿನ ಲೆಕ್ಕ ಊರವರಿಗೇ ತಿಳಿದಿರದಿದ್ದರೆ ಕಾಯಿದೆ ಕಾಗದದಲ್ಲಿ ಉಳಿಯುತ್ತದೆ. ಈ ಬಾರಿ ಎಷ್ಟು ಮಳೆ ಬಂತು, ತೆರೆದ ಬಾವಿಯಲ್ಲಿ ಎಷ್ಟು ಅಡಿ ಏರಿತು, ಬೇಸಿಗೆಗೆ ಯಾವ ಬೆಳೆಗೆ ಎಷ್ಟು ಸಾಕು ಎಂದು ನೀರಗಂಟಿ ಒಂದು ಕಾಲಕ್ಕೆ ಕಣ್ಣಳತೆಯಲ್ಲೇ ಹೇಳುತ್ತಿದ್ದ. ಇಂದು ಅದೇ ಕೆಲಸವನ್ನು ಒಂದು ಮಳೆಮಾಪಕ, ಒಂದು ಅಳತೆ ಹಗ್ಗ ಮತ್ತು ಒಂದು ನೋಟ್‌ಬುಕ್ ಇಟ್ಟುಕೊಂಡು ಯಾವ ಗ್ರಾಮ ಪಂಚಾಯಿತಿಯಾದರೂ ಮಾಡಬಹುದು.

ನಂದಿಬೆಟ್ಟಕ್ಕೆ ಹೋದವರು ಸಾಮಾನ್ಯವಾಗಿ ಸೂರ್ಯೋದಯ ನೋಡಲು ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಮಳೆಗಾಲ ಮುಗಿದ ಮೇಲೆ ಹೋದರೆ ಒಮ್ಮೆ ಕೆಳಕ್ಕೂ ನೋಡಬೇಕು. ಬುಡದಿಂದ ಶುರುವಾಗಿ ಬಯಲಿನುದ್ದಕ್ಕೆ ಹರಡಿರುವ ಕೆರೆಗಳಲ್ಲಿ ಎಷ್ಟರಲ್ಲಿ ನೀರು ಹೊಳೆಯುತ್ತಿದೆ ಎಂದು ಎಣಿಸಿದರೆ ಆ ವರ್ಷ ಕೆಳಗಿನ ಊರುಗಳ ಬೇಸಿಗೆ ಹೇಗೆ ಕಳೆಯುತ್ತದೆ ಎಂಬುದು ಅಲ್ಲಿಂದಲೇ ಗೊತ್ತಾಗುತ್ತದೆ.